ಪಿಯುಸಿಯಲ್ಲಿ ಸಾಧಾರಣ ಅಂಕವೇ? ಅಮೆರಿಕದ ಕಾಲೇಜಿಗೆ ಅರ್ಜಿ ಹೀಗೆ ಹಾಕಿ

ಮೊದಲು 9ನೇ ತರಗತಿ, ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ, ದ್ವಿತೀಯ ಪಿಯುಸಿ ಅರ್ಧವಾರ್ಷಿಕ, ಇಷ್ಟರ ಅಂಕಪಟ್ಟಿ ಒಟ್ಟುಮಾಡಿಕೊಳ್ಳಿ. ಸಿಇಟಿ ಭರಾಟೆಯಲ್ಲಿ ಪ್ರಥಮ ಪಿಯುಸಿ ಅಂಕವನ್ನು ನಮ್ಮಲ್ಲಿ ಕೇಳುವವರಿಲ್ಲ. ಅಲ್ಲಿ ಅದನ್ನೂ ನೋಡುತ್ತಾರೆ. ಅರ್ಜಿಯಲ್ಲಿ ಪಿಯು ಕಾಲೇಜನ್ನು 'ಹೈಸ್ಕೂಲ್' ಅಂಕಣದಲ್ಲೇ ತುಂಬಿ.

ಮುಂದಿನದು ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಅಮೆರಿಕದ ಸರಾಸರಿ ಅಂಕ. ಅರ್ಜಿ ತೋರಿಸಲು ಬರುವ ಮಕ್ಕಳು ಎಡವುವುದನ್ನು ನಾನು ಹೆಚ್ಚಾಗಿ ಕಂಡಿದ್ದು ಇಲ್ಲೇ. ಶೇ 72 ಬಂದಿದ್ದರೆ 25ರಿಂದ ಭಾಗಿಸಿ 2.88 ಎಂದು ಬರೆದಿರುತ್ತಾರೆ. ಹಾಗೆ ಮಾಡಲೇಬೇಡಿ. ಅಮೆರಿಕದಲ್ಲಿ ಸಾಮಾನ್ಯವಾಗಿ 90 ದಾಟಿದರೆ ಎ, 80 ದಾಟಿದರೆ ಬಿ, 70ರ ಆಸುಪಾಸು ಸಿ. ನಮ್ಮಲ್ಲಿ 60ಕ್ಕೇ ಪ್ರಥಮ ದರ್ಜೆ, 85ಕ್ಕೆ ಡಿಸ್ಟಿಂಕ್ಷನ್. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು. 2019ರ ರಾಷ್ಟ್ರೀಯ ಅಧ್ಯಯನದ ಪ್ರಕಾರ ಅಲ್ಲಿನ ಹೈಸ್ಕೂಲ್ ಮಕ್ಕಳ ಸರಾಸರಿ ಜಿಪಿಎ 3.11. ಪ್ರಥಮ ದರ್ಜೆ ಪಡೆದ ಹುಡುಗಿ ತಾನೇ 2.88 ಎಂದು ಬರೆದು ಸರಾಸರಿಗಿಂತ ಕೆಳಗೆ ಕೂರುತ್ತಾಳೆ! ನಿಮ್ಮ ಪಿಯು ಕಾಲೇಜು ಜಿಪಿಎ ಕೊಟ್ಟಿಲ್ಲವೆಂದರೆ, ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ಆ ಜಾಗ ಖಾಲಿ ಬಿಡಿ, ಅಂಕಗಳನ್ನು ಇದ್ದ ಹಾಗೇ ಕೊಡಿ. ಅಂತರ್ಜಾಲದ ಜಿಪಿಎ ಕ್ಯಾಲ್ಕುಲೇಟರ್‌ಗಳನ್ನು ನಂಬಬೇಡಿ. ಅರ್ಜಿ ಹಾಕುವ ಕಾಲೇಜೇ ಕೇಳಿದರೆ ಮಾತ್ರ ಅಧಿಕೃತ ಮೌಲ್ಯಮಾಪನ ಸಂಸ್ಥೆಗೆ ದುಡ್ಡು ಕಟ್ಟಿ.

ಅಂಕದ ಬೆಲೆ ತಿಳಿಸುವುದು 'ಸ್ಕೂಲ್ ಪ್ರೊಫೈಲ್' ಎಂಬ ಒಂದೆರಡು ಪುಟದ ಪತ್ರ. ನಮ್ಮ ಬಹಳಷ್ಟು ಪಿಯು ಕಾಲೇಜುಗಳಲ್ಲಿ ಅದು ಇರುವುದೇ ಇಲ್ಲ. ಪ್ರಾಂಶುಪಾಲರ ಬಳಿ ಕೂತು ವಿವರಿಸಿ: ಯಾವ ಬೋರ್ಡ್, ಯಾವ ಕಾಂಬಿನೇಷನ್‌ಗಳಿವೆ, ದರ್ಜೆಗಳ ಮಿತಿ ಏನು, ಕಳೆದ ವರ್ಷ ಪರೀಕ್ಷೆಗೆ ಕೂತವರೆಷ್ಟು, ಡಿಸ್ಟಿಂಕ್ಷನ್ ಬಂದವರೆಷ್ಟು. ನೂರು ಜನರಲ್ಲಿ ಎಂಟೇ ಮಂದಿ 85 ದಾಟಿದ ಕಾಲೇಜಿನ 72ಕ್ಕೆ ತೂಕವಿದೆ. ಈ ಪ್ರೊಫೈಲನ್ನು ಅಪ್‌ಲೋಡ್ ಮಾಡಬೇಕಾದವರು ಕಾಲೇಜಿನವರು. ಪ್ರಾಂಶುಪಾಲರ ಹೆಸರಲ್ಲಿ ತಾವೇ ಇಮೇಲ್ ತೆರೆದು ಕಳಿಸುವ ಏಜೆಂಟರಿದ್ದಾರೆ. ಅವರ ಹೊಸಿಲು ತುಳಿಯಬೇಡಿ, ಗೊತ್ತಾದರೆ ಸಿಕ್ಕ ಸೀಟೂ ಹೋಗುತ್ತದೆ.

ಅಂಕ ಕುಸಿದಿದ್ದರೆ ಕಾರಣ ಹೇಳಿ. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷಿನ ಭೌತಶಾಸ್ತ್ರ. ಇದು ನೆಪವಲ್ಲ, ನಿಜವಾದ ಕಷ್ಟ. 'ಹೆಚ್ಚುವರಿ ಮಾಹಿತಿ' ಎಂಬಲ್ಲಿ ನಾಲ್ಕು ಸಾಲು ಸಾಕು. ಮುಖ್ಯ ಪ್ರಬಂಧಕ್ಕೆ ಅದನ್ನು ತರಬೇಡಿ, ಅಲ್ಲಿ ಮಗುವಿನ ಮನಸ್ಸು ಕಾಣಬೇಕು. ನಂತರದ ಪರೀಕ್ಷೆಗಳಲ್ಲಿ ಅಂಕ ಏರಿದ್ದರೆ ಅದನ್ನೂ ಬರೆಯಿರಿ. ಏರಿಕೆಯನ್ನು ಅಲ್ಲಿನವರು ಗಮನಿಸುತ್ತಾರೆ.

ಕಾಲೇಜು ಆರಿಸಲು ರ್‍ಯಾಂಕಿಂಗ್ ಪಟ್ಟಿ ಬಿಟ್ಟು, ಆಯಾ ಕಾಲೇಜಿನ 'ಕಾಮನ್ ಡೇಟಾ ಸೆಟ್' (ಪ್ರವೇಶದ ಅಂಕಿಅಂಶಗಳನ್ನು ಕಾಲೇಜೇ ಪ್ರಕಟಿಸುವ ದಾಖಲೆ) ಹುಡುಕಿ. ಅದರ ಸಿ7 ಎಂಬ ಭಾಗದಲ್ಲಿ ಅಂಕಕ್ಕೆ ಎಷ್ಟು ಮಹತ್ವ ಎಂದಿರುತ್ತದೆ, ಸಿ12ರಲ್ಲಿ ಸೇರಿದವರ ಸರಾಸರಿ ಜಿಪಿಎ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ರಾಜ್ಯದ ಹೊರಗಿನವರಿಗೆ ಕನಿಷ್ಠ 3.4 ಜಿಪಿಎ ಕೇಳುತ್ತದೆ. ಸಾಧಾರಣ ಅಂಕದವರು ಬರೀ ಅದನ್ನೇ ನೆಚ್ಚಿ ಕೂರಬಾರದು.

ಬಹಳಷ್ಟು ಕಡೆ ಜನವರಿ ಮೊದಲ ವಾರಕ್ಕೆ ಗಡುವು ಮುಗಿಯುತ್ತದೆ. ಪ್ರಾಂಶುಪಾಲರನ್ನು ಆಗಸ್ಟ್‌ನಲ್ಲೇ ಕಾಣಿ. ದಸರಾ ರಜೆ ಕಳೆದು ಹೋದರೆ ಅವರಿಗೆ ಪ್ರೊಫೈಲ್ ಬರೆಯಲು ಪುರುಸೊತ್ತು ಸಿಗುವುದಿಲ್ಲ.