ಸಿಡಿ4 ಬಣ್ಣ ಕೊನೆಗೂ ಬಂತು

ಮೈಸೂರಿನ ನಮ್ಮ ಲ್ಯಾಬ್‌ನಲ್ಲಿ ಎರಡು ವಾರ ಒಂದೇ ತಲೆನೋವು. ಕೋಶದಲ್ಲಿ ಯಾವ ಪ್ರೋಟೀನ್ ಇದೆ ಎಂದು ತಿಳಿಯಲು ಅದನ್ನೇ ಹಿಡಿಯುವ ಆಂಟಿಬಾಡಿ ಹಾಕಿ ಕಂದು ಬಣ್ಣ ಬರಿಸುತ್ತೇವೆ. ಲಿಂಫ್ ನೋಡ್ (ದುಗ್ಧಗ್ರಂಥಿ) ಸ್ಲೈಡ್‌ನಲ್ಲಿ ಬಿ ಕೋಶಗಳ ಗುರುತಾದ ಸಿಡಿ20 ಚೆನ್ನಾಗಿ ಬರುತ್ತಿತ್ತು, ಸಹಾಯಕ ಟಿ ಕೋಶಗಳ ಗುರುತಾದ ಸಿಡಿ4 ಮಾತ್ರ ಬರುತ್ತಲೇ ಇರಲಿಲ್ಲ. ಸಿಡಿ4 ಇದ್ದೇ ಇರುತ್ತದೆ ಎಂದು ಹೋಲಿಕೆಗೆ ಜೊತೆಗಿಟ್ಟ ಟಾನ್ಸಿಲ್ ಕಂಟ್ರೋಲ್ ಕೂಡ ಬರೀ ನೀಲಿ, ಕಂದು ಇಲ್ಲವೇ ಇಲ್ಲ. ಅಂದರೆ ತಪ್ಪು ಸ್ಯಾಂಪಲ್‌ನದಲ್ಲ, ನಮ್ಮದೇ. ಮಂಡ್ಯದಿಂದ ಬಂದಿದ್ದ ಒಬ್ಬರ ರಿಪೋರ್ಟ್ ಇದಕ್ಕಾಗಿಯೇ ನಿಂತಿತ್ತು.

ಆಂಟಿಬಾಡಿ ಜಾಸ್ತಿ ಹಾಕಿ ನೋಡಿದೆ. ಹಿನ್ನೆಲೆಯೆಲ್ಲ ಕಂದಾಗಿ ಇನ್ನೂ ಕೆಟ್ಟಿತು. ಅಷ್ಟು ದುಬಾರಿ ಆಂಟಿಬಾಡಿ ಸುಮ್ನೆ ಹಾಳಾಯಿತು.

"ಯಾವ ಬಫರ್ ಹಾಕ್ತಿದ್ದೀಯ?" ಎಂದು ಸೀನಿಯರ್ ಅಕ್ಕ ಕೇಳಿದರು. ಸ್ಲೈಡ್ ಬಿಸಿ ಮಾಡಲು ಪಿಎಚ್ 6ರ, ಅಂದರೆ ತುಸು ಆಮ್ಲೀಯವಾದ ಸಿಟ್ರೇಟ್ ದ್ರಾವಣ ಎಂದೆ. ಗಂಟು ಇದ್ದದ್ದು ಅಲ್ಲೇ. ಟಿಶ್ಯೂ ಕೆಡದಂತೆ ಹಾಕುವ ಫಾರ್ಮಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಆಂಟಿಬಾಡಿ ಹಿಡಿಯಬೇಕಾದ ಜಾಗ ಮುಚ್ಚಿಹೋಗುತ್ತದೆ. ಅದನ್ನು ಬಿಸಿ ಬಫರ್‌ನಲ್ಲಿ ಬಿಡಿಸಬೇಕು. ಸಿಡಿ20ಗೆ ಸಿಟ್ರೇಟ್ ಸಾಕಾಗಿತ್ತು, ನಮ್ಮಲ್ಲಿದ್ದ ಸಿಡಿ4 ಆಂಟಿಬಾಡಿಗೆ ಸಾಲಲಿಲ್ಲ. ಪಿಎಚ್ 9ರ, ಅಂದರೆ ಕ್ಷಾರೀಯವಾದ ಟ್ರಿಸ್-ಇಡಿಟಿಎ ಬಫರ್ ಮಾಡಿಕೊಂಡು 97 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಆಮೇಲೆ ಅದೇ ಬಫರ್‌ನಲ್ಲಿ ತಣ್ಣಗಾಗಲು ಬಿಟ್ಟೆ. ಈ ಬಫರ್‌ನಲ್ಲಿ ಟಿಶ್ಯೂ ಸ್ಲೈಡ್‌ನಿಂದ ಎದ್ದುಬರುವ ಭಯ ಜಾಸ್ತಿ ಅಲ್ವಾ, ಹಾಗಾಗಿ ಟಿಶ್ಯೂವನ್ನು ಗಟ್ಟಿಯಾಗಿ ಹಿಡಿದಿಡುವ ಚಾರ್ಜ್ಡ್ ಸ್ಲೈಡ್ ಬಳಸಿದೆ.

ಮೈಕ್ರೋಸ್ಕೋಪ್‌ನಲ್ಲಿ ಮೊದಲು ಟಾನ್ಸಿಲ್ ನೋಡಿದೆ. ಫಾಲಿಕಲ್‌ಗಳ (ಬಿ ಕೋಶಗಳ ಗುಂಪುಗಳ) ನಡುವಿನ ಜಾಗದಲ್ಲಿ ಒಂದೊಂದು ಕೋಶದ ಸುತ್ತಲೂ ಬಳೆಯ ಹಾಗೆ ತೆಳು ಕಂದು ಗೆರೆ, ಒಳಗೆ ನೀಲಿ ನ್ಯೂಕ್ಲಿಯಸ್. ಖುಷಿಗೆ ಅಕ್ಕನನ್ನು ಕೂಗಿ ಕರೆದೆ. ಈಗ ಪ್ರತಿ ಆಂಟಿಬಾಡಿ ಬಾಟಲಿಯ ಮೇಲೂ ಅದಕ್ಕೆ ಬೇಕಾದ ಬಫರ್‌ನ ಪಿಎಚ್ ಬರೆದು ಅಂಟಿಸಿದ್ದೇವೆ.