ನಾಲಿಗೆ ನೋಡುವಾಗ ಒಸಡೂ ನೋಡಿ

ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಬಸುರಿಯರು ತಪಾಸಣೆಗೆ ಬಂದರೆ ತೂಕ, ಬಿಪಿ, ಹೊಟ್ಟೆ ಎಲ್ಲ ನೋಡುತ್ತೇವೆ. ರಕ್ತ ಕಮ್ಮಿ ಇದೆಯಾ ಅಂತ ಕಣ್ಣಿನ ಕೆಳರೆಪ್ಪೆ ಎಳೆದು, ನಾಲಿಗೆ ಚಾಚಿಸಿ ನೋಡುತ್ತೇವೆ. ಆಗ ಹಲ್ಲು, ಒಸಡು ಎದುರಿಗೇ ಇರುತ್ತವೆ ಅಲ್ವಾ? ಟಾರ್ಚ್ ಅಲ್ಲಿಗೂ ಬಿಟ್ಟರಾಯಿತು. ನಾನು ಶುರು ಮಾಡಿದ್ದು ಇಷ್ಟರಿಂದಲೇ.

ಜೊತೆಗೆ ಮೂರು ಮಾತು ಕೇಳುತ್ತೇನೆ. ಹಲ್ಲುಜ್ಜುವಾಗ ರಕ್ತ ಬರುತ್ತಾ? ತಣ್ಣೀರು ಕುಡಿದರೆ ಜುಮ್ ಅನ್ನುತ್ತಾ? ಒಂದೇ ಕಡೆ ಅಗಿಯುತ್ತೀಯಾ? ಮೂರನೆಯದರಿಂದ ತಿಳಿಯುವುದು ಜಾಸ್ತಿ. ಹಲ್ಲುನೋವು ಅಂತ ತಾವಾಗಿ ಹೇಳದವರೂ, "ಮುದ್ದೆ ನುಂಗ್ತೀನಿ ಸಿಸ್ಟರ್, ರೊಟ್ಟಿ ಅಗಿಯಕ್ಕಾಗಲ್ಲ" ಅನ್ನುತ್ತಾರೆ. ಕಡಲೆಕಾಯಿ, ಕಾಳು, ಹಸಿ ತರಕಾರಿ ಎಲ್ಲ ಬಿಟ್ಟಿರುತ್ತಾರೆ. ತೂಕ ಯಾಕೆ ಏರುತ್ತಿಲ್ಲ ಅನ್ನುವುದಕ್ಕೆ ಒಮ್ಮೊಮ್ಮೆ ಉತ್ತರ ಅಲ್ಲೇ ಸಿಗುತ್ತದೆ.

ಕಷ್ಟ ಆಗಿದ್ದು ನಮ್ಮವರನ್ನೇ ಒಪ್ಪಿಸುವುದು. "ಬಸುರಿಯಲ್ಲಿ ಹಲ್ಲು ಮುಟ್ಟಿಸಬಾರದು" ಅನ್ನುವುದು ಅತ್ತೆಯರ ಮಾತಷ್ಟೇ ಅಲ್ಲ, ಆಶಾ ಅಕ್ಕಂದಿರು, ನರ್ಸ್‌ಗಳು ಕೂಡ ಹಾಗೇ ನಂಬಿದ್ದರು. ಮಗು ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಅನ್ನುವುದು ಇನ್ನೊಂದು. ಅದು ನಿಜವಲ್ಲ. ತಿಂಗಳ ಸಭೆಯಲ್ಲಿ ಒಂದೊಂದನ್ನೇ ಬಿಡಿಸಿ ಮಾತಾಡಿದೆವು. ಬಸುರಿಯಲ್ಲಿ ಹಾರ್ಮೋನು ಏರಿ ಒಸಡು ಬೇಗ ಊದುತ್ತದೆ. ಹಲ್ಲಿನ ಬುಡದಲ್ಲಿ ಸ್ವಲ್ಪ ಪಾಚಿ ಕೂತರೂ ರಕ್ತ ಬರುತ್ತದೆ. ರಕ್ತ ಕಂಡು ಹೆದರಿ ಉಜ್ಜುವುದನ್ನೇ ಬಿಡುತ್ತಾರೆ, ಅದರಿಂದ ಇನ್ನೂ ಜಾಸ್ತಿಯಾಗುತ್ತದೆ. ಮೆತ್ತನೆ ಬ್ರಶ್ಶಿನಲ್ಲಿ ಎರಡು ಹೊತ್ತು ಉಜ್ಜಲೇಬೇಕು. ವಾಂತಿಯಾದ ಕೂಡಲೇ ಮಾತ್ರ ಬೇಡ, ಆಮ್ಲಕ್ಕೆ ಹಲ್ಲು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ.

ಹಲ್ಲಿನ ಚಿಕಿತ್ಸೆಗೆ 4ರಿಂದ 6ನೇ ತಿಂಗಳು ಅನುಕೂಲ. ಕೀವು, ಬಾವು ಇದ್ದರೆ ಯಾವ ತಿಂಗಳಾದರೂ ಕಾಯುವಂತಿಲ್ಲ. ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಬ್ರೂಫೆನ್, ಡೈಕ್ಲೋಫೆನಾಕ್ ಬೇಡ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಅಂತೂ ಬೇಡವೇ ಬೇಡ, ಮಗುವಿನ ಹಲ್ಲಿಗೇ ಕಲೆ ಬೀಳುತ್ತದೆ.

ಇಷ್ಟೆಲ್ಲ ಹೇಳಿ ಕಳಿಸಿದರೂ ಕೆಲವರು "ಹೆರಿಗೆ ಆದಮೇಲೆ ಬಾ ಅಂದ್ರು" ಅಂತ ವಾಪಸ್ ಬರುತ್ತಿದ್ದರು. ಎದುರಿಗೆ ತುಂಬು ಬಸುರಿ, ಕೈಯಲ್ಲಿ ಕಾಗದ ಇಲ್ಲ ಅಂದರೆ ಹಲ್ಲಿನ ಡಾಕ್ಟರಿಗೂ ಅಳುಕು ಇರುತ್ತದೆ. ಅದಕ್ಕೇ ಚೀಟಿ ಕೊಡಲು ಶುರು ಮಾಡಿದೆವು. ಎಷ್ಟನೇ ತಿಂಗಳು, ಬಿಪಿ, ಹಿಮೋಗ್ಲೋಬಿನ್, ಸಕ್ಕರೆ, ತೆಗೆದುಕೊಳ್ಳುವ ಮಾತ್ರೆ ಎಲ್ಲ ಅದರಲ್ಲಿ. ಕೆಳಗೆ ವೈದ್ಯಾಧಿಕಾರಿಯ ಸಹಿ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿಸದೆ ಸ್ವಲ್ಪ ಎಡಕ್ಕೆ ವಾಲಿಸಿ ಅಂತಲೂ ಬರೆಯುತ್ತೇವೆ. ಚೀಟಿ ಬಂದಮೇಲೆ ವಾಪಸ್ ಬರುವುದು ತುಂಬಾ ಕಮ್ಮಿಯಾಯಿತು. ಮೊದಲು ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತೇವೆ. ಅಲ್ಲಿ ಆಗದಿದ್ದರೆ ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ.

ಒಸಡಿನ ರೋಗಕ್ಕೂ ದಿನ ತುಂಬುವ ಮೊದಲೇ ಆಗುವ ಹೆರಿಗೆಗೂ ನಂಟಿದೆ ಅಂತ ಅಧ್ಯಯನಗಳು ಹೇಳಿವೆ. ಆದರೆ ಹಲ್ಲು ಕ್ಲೀನ್ ಮಾಡಿಸಿದರೆ ಅದು ತಪ್ಪುತ್ತದೆ ಅಂತ ಸಾಬೀತಾಗಿಲ್ಲ. ಹಾಗಾಗಿ ಅದನ್ನು ಹೇಳಿ ಯಾರನ್ನೂ ಹೆದರಿಸುವುದಿಲ್ಲ. ಹೊಟ್ಟೆತುಂಬ ಊಟ ಮಾಡಲಿ, ರಾತ್ರಿ ನೋವಿಲ್ಲದೆ ನಿದ್ದೆ ಮಾಡಲಿ, ಚಿಕಿತ್ಸೆ ಕೊಡಿಸಲು ಅಷ್ಟೇ ಕಾರಣ ಸಾಲದಾ?

ಈಗ ನೋಡಿದ್ದನ್ನು ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ಬರೆದಿಡುತ್ತೇವೆ. ತವರಿಗೆ ಹೋದ ಹುಡುಗಿಯನ್ನು ಅಲ್ಲಿಯ ನರ್ಸ್ ಮತ್ತೆ ಮೊದಲಿಂದ ಕೇಳಬೇಕಿಲ್ಲ.