ವಾಲೆಟ್ ಡಿಲೀಟ್ ಮಾಡಿ ತೋರಿಸುತ್ತೇನೆ

ನಾನು ಕನ್ನಡದಲ್ಲಿ ಟೆಕ್ ವಿಡಿಯೊ ಮಾಡುತ್ತೇನೆ. ಬಿಟ್‌ಕಾಯಿನ್ ಅಂದ ಕೂಡಲೇ ಎಲ್ಲರೂ ಕೇಳುವುದು ರೇಟು. ಅದನ್ನು ನಾನು ಹೇಳುವುದಿಲ್ಲ, ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳ ರೆಫರಲ್ ಲಿಂಕ್ ಕೂಡ ಹಾಕುವುದಿಲ್ಲ. ಮಧ್ಯೆ ಬ್ಯಾಂಕೇ ಇಲ್ಲದಿದ್ದಾಗ ದುಡ್ಡಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ನಾನು ಮಾತಾಡುವುದು ಅಷ್ಟರ ಬಗ್ಗೆ.

ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಮೊಟೊ, ಆ ಹೆಸರಿನಲ್ಲಿ ಬಂದ 2008ರ ಪ್ರಬಂಧ, ಹೊಸ ಕಾಯಿನ್ ಹುಟ್ಟುವ ಮೈನಿಂಗ್ ಎಲ್ಲ ಆಮೇಲೆ. ನನ್ನ ವಿಡಿಯೊ ಶುರುವಾಗುವುದು ಜನ ಕೇಳುವ ಪ್ರಶ್ನೆಯಿಂದ: "ಸರ್, ಪಾಸ್‌ವರ್ಡ್ ಮರೆತರೆ ಯಾವ ನಂಬರ್‌ಗೆ ಫೋನ್ ಮಾಡಬೇಕು?" ಯುಪಿಐ ಪಿನ್ ಮರೆತರೆ ಡೆಬಿಟ್ ಕಾರ್ಡ್ ತೆಗೆದು ಹೊಸ ಪಿನ್ ಮಾಡಿಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಫೋನ್ ಎತ್ತುವವರೇ ಇಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಅದಕ್ಕೇ ಮಾಡಿ ತೋರಿಸುತ್ತೇನೆ.

ಎರಡು ಫೋನ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಟೆಸ್ಟ್‌ನೆಟ್ ವಾಲೆಟ್ ತೆರೆಯುತ್ತೇನೆ. ವಾಲೆಟ್ ಅಂದರೆ ಕಾಯಿನ್ ಕಳಿಸಿ ತರಿಸಿಕೊಳ್ಳುವ ಆ್ಯಪ್, ಟೆಸ್ಟ್‌ನೆಟ್ ಅಂದರೆ ಪರೀಕ್ಷೆಗೆಂದೇ ಇರುವ ಬಿಟ್‌ಕಾಯಿನ್ ಜಾಲ. ಟೆಸ್ಟ್‌ನೆಟ್ ಕಾಯಿನ್‌ಗೆ ಬೆಲೆ ಇಲ್ಲ, ಪುಕ್ಕಟೆ ಸಿಗುತ್ತದೆ. ವಾಲೆಟ್ ಕೊಡುವ 12 ಪದಗಳೇ ಬೀಗದ ಕೈ. ಅವನ್ನು ಕಾಗದದಲ್ಲಿ ಬರೆದು, ಸ್ವಲ್ಪ ಕಾಯಿನ್ ತರಿಸಿ, ಕ್ಯಾಮೆರಾ ಮುಂದೆಯೇ ಆ್ಯಪ್ ಡಿಲೀಟ್ ಮಾಡುತ್ತೇನೆ. ಇನ್ನೊಂದು ಫೋನಿನಲ್ಲಿ ಬೇರೆ ಕಂಪನಿಯ ಆ್ಯಪ್ ಹಾಕಿ ಅದೇ 12 ಪದ ಕೊಟ್ಟರೆ ಕಾಯಿನ್ ಹಾಗೇ ಇರುತ್ತದೆ! ಕಾಯಿನ್ ಫೋನಿನಲ್ಲಿ ಇರಲೇ ಇಲ್ಲ, ಲೆಕ್ಕ ಇರುವುದು ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅಂತ ಆಗ ಹೇಳಿದರೆ ತಲೆಗೆ ಹೋಗುತ್ತದೆ. ಎರಡೂ ಆ್ಯಪ್ ಬಿಐಪಿ39 ಅನ್ನುವ, ಬೀಗದ ಕೈಯನ್ನು ಪದಗಳಾಗಿ ಕೊಡುವ ಪದ್ಧತಿಯವೇ ಆಗಿರಬೇಕು. ಎಲೆಕ್ಟ್ರಂ ಅನ್ನುವ ವಾಲೆಟ್‌ನದು ಬೇರೆ ಪದ್ಧತಿ, ಅದಕ್ಕೇ ಶೂಟಿಂಗ್‌ಗೆ ಮೊದಲೇ ನೋಡಿಕೊಳ್ಳುತ್ತೇನೆ.

ಆ 12 ಪದಗಳನ್ನು ಬೇಕೆಂದೇ ತೆರೆಯ ಮೇಲೆ ಬಿಡುತ್ತೇನೆ. ನೋಡಿದವರು ಯಾರು ಬೇಕಾದರೂ ಆ ಕಾಯಿನ್ ಎತ್ತಬಹುದು. ಒಮ್ಮೆ ಯಾರೋ ಎತ್ತಿಯೂ ಬಿಟ್ಟರು. ಮುಂದಿನ ವಿಡಿಯೊಗೆ ಅದೇ ವಿಷಯ ಆಯಿತು. ನಿಮ್ಮ ಪದಗಳ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಡಿ ಅಂತ ಹೇಳುವುದಕ್ಕೂ ಅದೇ ಸರಿಯಾದ ಜಾಗ, ಗ್ಯಾಲರಿಯಲ್ಲಿದ್ದದ್ದು ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಕ್ಲೌಡ್‌ಗೆ ಹೋಗಿರುತ್ತದೆ.

ಕನ್ನಡದವರಿಗೆ ಜಾಸ್ತಿ ತೊಡಕಾಗುವುದು ಪದಗಳಲ್ಲೇ. ಬಿಐಪಿ39ರಲ್ಲಿ ಒಂದೊಂದು ಭಾಷೆಗೆ 2048 ಪದಗಳ ಪಟ್ಟಿ ಇದೆ. ಜಪಾನಿ, ಕೊರಿಯನ್, ಝೆಕ್ ಕೂಡ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಹಾಗಾಗಿ ಇಂಗ್ಲಿಷ್ ಪದಗಳನ್ನೇ ಬರೆದುಕೊಳ್ಳಬೇಕು. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಆಮೇಲೆ ಸ್ಪೆಲಿಂಗ್ ಸಿಗುವುದಿಲ್ಲ. ಒಂದು ಅನುಕೂಲ ಇದೆ: ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ನೋಡಿದರೆ ಪದ ಯಾವುದೆಂದು ಗೊತ್ತಾಗುತ್ತದೆ. 'ಅಬ್ಯಾಂಡನ್' ಇದ್ದರೆ ಎ, ಬಿ, ಎ, ಎನ್ ಸಾಕು. ಇಂಗ್ಲಿಷ್ ಓದಲು ತಡವರಿಸುವವರಿಗಾಗಿ ಒಂದೊಂದೇ ಅಕ್ಷರ ಹೇಳುತ್ತಾ, ದೊಡ್ಡದಾಗಿ ಬರೆದು ತೋರಿಸುತ್ತೇನೆ. ವಿಡಿಯೊ ಉದ್ದವಾಗುತ್ತದೆ, ಆಗಲಿ.

ಲಾಭದ ಮೇಲೆ ಶೇ. 30 ತೆರಿಗೆ ಇರುವುದನ್ನು ಹೇಳಿ, ಉಳಿದದ್ದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ ಅನ್ನುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೆ "ಒಂದು ಚೀಟಿ ಕಳೆದರೆ ಎಲ್ಲ ಹೋಯಿತಾ? ನಮಗೆ ಬ್ಯಾಂಕೇ ಸಾಕಪ್ಪ" ಅನ್ನುವವರೂ ಇದ್ದಾರೆ. ನನ್ನ ವಿಡಿಯೊ ಚೆನ್ನಾಗಿ ಅರ್ಥವಾದವರ ಲೆಕ್ಕಕ್ಕೆ ಅವರನ್ನೂ ಸೇರಿಸಿಕೊಳ್ಳುತ್ತೇನೆ.